ಏಳೆಣಿಕೆಯ ಬಾಲ

ತನಗೆ ಗೊತ್ತಿಲ್ಲದ ವಿದ್ಯೆಯನ್ನು ಗುಟ್ಟಾಗಿಡುವುದು ಬಹಳ ಸುಲಭ. ಬಾಯಿತಪ್ಪಿ ಹೊರಬೀಳಲು ಒಳಗೆ ಏನೂ ಇರುವುದಿಲ್ಲ. ಊರಾಚೆ ಬಾಣಬಿರುಸಿನ ಕಾರ್ಖಾನೆ ನಡೆಸುತ್ತಿದ್ದ ಯಜಮಾನನೊಬ್ಬ ಹತ್ತೊಂಬತ್ತು ವರ್ಷ ಹೀಗೆ ಒಂದು ಗುಟ್ಟನ್ನು ಕಾಪಾಡಿದ. ಊರವರು ಅವನನ್ನು ಧೂಮಕೇತು ಎಂದು ಕರೆಯುತ್ತಿದ್ದರು. ಎದುರಿಗೆ ಅಂದಾಗ ಅದನ್ನು ಅವನು ಬಿರುದೆಂದು ತೆಗೆದುಕೊಂಡ. ಬೆನ್ನ ಹಿಂದೆ ಅಂದದ್ದು ಅವನ ಕಿವಿಗೆ ಬೀಳಲಿಲ್ಲ, ಬಿದ್ದಿದ್ದರೂ ಅವನಿಗೆ ವ್ಯತ್ಯಾಸ ತಿಳಿಯುತ್ತಿತ್ತೆಂದು ಹೇಳಲಾಗದು.

ಈ ಕಥೆಯನ್ನು ಹೇಳಿದವರು ಮೂವರು: ಆ ಕಾರ್ಖಾನೆಯಲ್ಲಿ ಕಾಗದದ ಕೊಳವೆ ಸುತ್ತುತ್ತಿದ್ದ ಒಬ್ಬಾಕೆ, ಊರೊಳಗಿನ ಪಂಪು ಕಾರ್ಖಾನೆಯ ಒಬ್ಬ ಕೆಲಸಗಾರ, ಬಾಣಬಿರುಸು ತಯಾರಕರ ಸಂಘದ ಗುಮಾಸ್ತ. ಮೂವರ ಮಾತು ಹೊಂದಿದ ಕಡೆ ಒಂದೇ ಆಗಿ ಬರೆದಿದೆ. ಹೊಂದದ ಕಡೆ ಹೊಂದಲಿಲ್ಲವೆಂದೇ ಬರೆದಿದೆ. ಧೂಮಕೇತುವಿನ ಪ್ರಸ್ತಾಪ ಬಂದಾಗ ಮಾತ್ರ ಮೂವರೂ ಒಂದೇ ರೀತಿಯಲ್ಲಿ ಮೂಗಿನಲ್ಲಿ ನಕ್ಕರು.

ಆ ಕಾರ್ಖಾನೆಯ ಹೆಸರು ನಿಂತಿದ್ದು ಒಂದೇ ಸರಕಿನ ಮೇಲೆ. ಅದಕ್ಕೆ ಬಾಲಚುಕ್ಕಿ ಎನ್ನುತ್ತಿದ್ದರು. ನಿಂಬೆಹಣ್ಣಿನ ಗಾತ್ರದ ಗಟ್ಟಿ ಮದ್ದಿನುಂಡೆ. ನೆಲದಲ್ಲಿ ಹೂತ ಕೊಳವೆಯಿಂದ ಹಾರಿ, ಉರಿಯುತ್ತ ಏರಿ, ತಾನು ಹೋದ ದಾರಿಯುದ್ದಕ್ಕೂ ಬೆಳ್ಳಿಯ ಕಿಡಿಗಳ ಬಾಲ ಬಿಡುತ್ತಿತ್ತು. ಬಾಲ ಬಿಡುವ ಉಂಡೆಯನ್ನು ಎಲ್ಲರೂ ಮಾಡುತ್ತಿದ್ದರು. ಆದರೆ ಬೇರೆಯವರ ಬಾಲ ಉಂಡೆಯ ಜೊತೆಗೇ ಸಾಯುತ್ತಿತ್ತು. ಈ ಮನೆಯ ಬಾಲ ಹಾಗಲ್ಲ. ಉಂಡೆ ನೆತ್ತಿ ಮುಟ್ಟಿ ಆರಿಹೋದ ಮೇಲೂ ಕಿಡಿಗಳು ಆಕಾಶದಲ್ಲಿ ತೂಗಿಕೊಂಡು, ಮಿಣುಕುತ್ತ, ಏಳು ಎಣಿಸುವವರೆಗೆ ನಿಧಾನವಾಗಿ ಇಳಿಯುತ್ತಿದ್ದವು.

ಕಾರ್ಖಾನೆಯನ್ನು ಕಟ್ಟಿದವನು ಧೂಮಕೇತುವಿನ ತಂದೆ. ಅವನು ಒಂದು ಕಟ್ಟಳೆ ಮಾಡಿ, ಅದನ್ನು ಸಂಘದ ಪುಸ್ತಕದಲ್ಲಿ ಬರೆಸಿಟ್ಟಿದ್ದ. ಲೋಹದ ಪುಡಿಗಳನ್ನಿಡುವ ಕೋಣೆ ಉಳಿದ ಕಟ್ಟಡಗಳಿಂದ ದೂರ, ಒಂಟಿಯಾಗಿ, ದಪ್ಪ ಗೋಡೆಯೊಳಗೆ ಇತ್ತು. ಆ ಪುಡಿಕೋಣೆಯ ಬೀಗದಕೈ ಯಾರ ಸೊಂಟದಲ್ಲಿದೆಯೋ ಯಾವ ಉಂಡೆಗೆ ಯಾವ ಪುಡಿ ಹೋಗಬೇಕೆಂದು ಹೇಳುವವರು ಅವರೇ. ಸಂಘದವರ ಎದುರಿಗೆ ತನ್ನ ಕೈಯಾರೆ ಮಾಡಿದ ಏಳೆಣಿಕೆಯ ಬಾಲ ಹಾರಿಸಿದವರಿಗೆ ಬೀಗದಕೈ. ಮಗನೋ ಮಗಳೋ, ಮನೆಯವರೋ ಹೊರಗಿನವರೋ ಎಂಬ ಲೆಕ್ಕ ಇಲ್ಲ.

ತಂದೆ ಸತ್ತ ಮೇಲೆ ಧೂಮಕೇತು ಒಂದು ಉಂಡೆ ಹಾರಿಸಿದ. ಬಾಲ ಏಳು ನಿಂತಿತು. ಬೀಗದಕೈ ಅವನ ಸೊಂಟಕ್ಕೆ ಬಂತು. ಆ ಉಂಡೆಯನ್ನು ತಂದೆಯೇ ಕಾಯಿಲೆ ಬೀಳುವ ಹಿಂದಿನ ವಾರ ಒತ್ತಿಟ್ಟಿದ್ದನೆಂಬುದು ಅವನನ್ನು ಬಿಟ್ಟರೆ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಅವಳು ಧೂಮಕೇತುವಿನ ತಂಗಿ. ಹನ್ನೆರಡನೆಯ ವಯಸ್ಸಿನಿಂದ ತಂದೆಯ ಪಕ್ಕದಲ್ಲಿ ಕೂತು ಪುಡಿ ಜರಡಿ ಹಿಡಿದವಳು. ಜರಡಿಯಕ್ಕ ಎಂದೇ ಎಲ್ಲರೂ ಕರೆಯುತ್ತಿದ್ದರು. ಸಾವಿನ ಮನೆಯಲ್ಲಿ ಜಗಳ ಬೇಡವೆಂದು ಅವಳು ಬಾಯಿ ಮುಚ್ಚಿದಳು. ಸಾವಿನ ಮನೆ ಎಷ್ಟು ದಿನದ್ದು ಎಂದು ಆಮೇಲೆ ಯಾರೂ ಅವಳಿಗೆ ಹೇಳಲಿಲ್ಲ, ಹೀಗಾಗಿ ಹತ್ತೊಂಬತ್ತು ವರ್ಷ ಕಳೆಯಿತು.

ಪುಡಿಕೋಣೆಗೆ ಒಡೆಯನಾದ ಧೂಮಕೇತುವಿಗೆ ಪುಡಿಕೋಣೆಯೆಂದರೆ ಆಗುತ್ತಿರಲಿಲ್ಲ. ಬಟ್ಟೆ ಕೊಳೆಯಾಗುತ್ತದೆ, ಬರಿಗಾಲಲ್ಲಿ ನಿಲ್ಲಬೇಕು, ಸೀನು ಬರುತ್ತದೆ. ಬೆಳಿಗ್ಗೆ ಬೀಗ ತೆಗೆದು ಹೋಗುವುದು, ಸಂಜೆ ಬೀಗ ಹಾಕಲು ಬರುವುದು: ಕಾವಲುಗಾರನೂ ಇಷ್ಟೇ ಮಾಡುತ್ತಾನೆ, ಆದರೆ ಅದಕ್ಕೆ ಗಂಟಲು ಕೆರೆದುಕೊಂಡು ಜನರನ್ನು ಸೇರಿಸುವುದಿಲ್ಲ. ಸೋಮವಾರ ಮಾತ್ರ ಅವನು ಹೊಸ್ತಿಲವರೆಗೆ ಬರುತ್ತಿದ್ದ. ಕಚೇರಿಯ ಕಬ್ಬಿಣದ ಬೀರುವಿನಿಂದ ಬೀಟೆಮರದ ಒಂದು ಡಬ್ಬಿ ತಂದು, ಎರಡೂ ಕೈಯಿಂದ ತಂಗಿಗೆ ಕೊಡುತ್ತಿದ್ದ. ಅದರಲ್ಲಿದ್ದದ್ದು ಸಮುದ್ರದಾಚೆಯಿಂದ ತರಿಸಿದ ಟೈಟಾನಿಯಂ ಪುಡಿ. ಮುಖಕ್ಕೆ ಹಚ್ಚುವ ಪೌಡರಿಗಿಂತ ನುಣುಪು. ಅವನು ಅದನ್ನು ಮೀಸಲು ಪುಡಿ ಎನ್ನುತ್ತಿದ್ದ. ಒಂದೊಂದು ಉಂಡೆಗೂ ಒಂದೊಂದು ಚಿಟಿಕೆ ಹಾಕಬೇಕು, ಬಾಲದ ಜೀವ ಇರುವುದು ಇದರಲ್ಲೇ ಎಂದು ಪ್ರತಿ ಸೋಮವಾರವೂ ಹೊಸದಾಗಿ ಹೇಳುತ್ತಿದ್ದ. ತಂಗಿ ತಲೆಯಾಡಿಸಿ ಡಬ್ಬಿ ತೆಗೆದುಕೊಳ್ಳುತ್ತಿದ್ದಳು. ಸಂಜೆ ಒರೆಸಿ ಹಿಂದಕ್ಕೆ ಕೊಡುತ್ತಿದ್ದಳು.

ಹತ್ತೊಂಬತ್ತು ವರ್ಷ ಆ ಡಬ್ಬಿ ಮುಗಿಯಲಿಲ್ಲ. ಇದು ಧೂಮಕೇತುವಿನ ಗಮನಕ್ಕೆ ಬಾರದೆ ಇರಲಿಲ್ಲ. ಬಂದಿತ್ತು, ಅವನು ಅದರ ಬಗ್ಗೆ ಯೋಚನೆಯನ್ನೂ ಮಾಡಿದ್ದ. ಸರಕು ಶ್ರೇಷ್ಠವಾದರೆ ಖರ್ಚಾಗುವುದಿಲ್ಲ ಎಂಬ ತೀರ್ಮಾನಕ್ಕೆ ಬಂದು, ಅದನ್ನು ಸಂಘದ ವಾರ್ಷಿಕ ಸಭೆಯಲ್ಲಿ ಭಾಷಣವಾಗಿಯೂ ಹೇಳಿದ್ದ.

ಉಂಡೆಗೆ ನಿಜವಾಗಿ ಹೋಗುತ್ತಿದ್ದದ್ದು ಬೇರೆ. ಜರಡಿಯಕ್ಕನ ಗಂಡ ಊರೊಳಗಿನ ಪಂಪು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಕೆಲಸಗಾರ; ಈ ಕಥೆ ಹೇಳಿದವನು ಅಲ್ಲಿ ಅವನ ಜೊತೆಗಾರ. ಅಲ್ಲಿ ವರ್ಷದ ಕೆಲವು ತಿಂಗಳು ಟೈಟಾನಿಯಂ ಸರಳುಗಳನ್ನು ಕಡೆಯುವಾಗ ಉದುರುವ ಚೂರನ್ನು ಗುಡಿಸಿ, ಮಾಲೀಕರ ಒಪ್ಪಿಗೆ ಪಡೆದು ಚೀಲದಲ್ಲಿ ತರುತ್ತಿದ್ದ. ಅವಳು ಅದನ್ನು ತೊಳೆದು, ಒಣಗಿಸಿ, ಮೂರು ಜರಡಿಯಲ್ಲಿ ಹಿಡಿಯುತ್ತಿದ್ದಳು. ಮೊದಲ ಜರಡಿಯ ಮೇಲೆ ನಿಂತದ್ದು ದಪ್ಪವಾಯಿತು, ಮೂರನೆಯದರಿಂದ ಇಳಿದದ್ದು ಸಣ್ಣದಾಯಿತು. ನಡುವೆ ಸಕ್ಕರೆ ಹರಳಿನಂತೆ ಉಳಿದದ್ದೇ ಬೇಕಾದದ್ದು. ಹರಳು ಸರಿಯಿದೆಯೇ ಎಂದು ಅವಳು ನೋಡುತ್ತಿರಲಿಲ್ಲ, ಕೇಳುತ್ತಿದ್ದಳು. ಜರಡಿ ಅಲ್ಲಾಡುವಾಗ ಬರುವ ಸದ್ದು ಬದಲಾದ ಕೂಡಲೇ ಕೈ ನಿಲ್ಲಿಸುತ್ತಿದ್ದಳು. ಧೂಮಕೇತು ಭಾವಮೈದುನನ ಚೀಲಗಳನ್ನು ಕಂಡಿದ್ದ. ಅವು ಅಗ್ಗದ ನೆಲಚಕ್ರಗಳಿಗೆಂದು ಅವನ ನಂಬಿಕೆ. ತಂಗಿಯ ಗಂಡನನ್ನು ಅವನು ಕಸದವನು ಎಂದೇ ಕರೆಯುತ್ತಿದ್ದ. ಕರೆಯುವ ಪ್ರಸಂಗ ಬಂದರೆ.

ಹೀಗೆ ಎಲ್ಲರೂ ಸುಖವಾಗಿದ್ದಾಗ ಧೂಮಕೇತುವಿಗೆ ಅಳಿಯ ಬಂದ.

ಅಳಿಯ ಪುಡಿಗಳ ಶಾಸ್ತ್ರ ಓದಿದವನೆಂದು ಹೇಳಿಕೊಂಡು ಬಂದ. ಎರಡು ವರ್ಷ ಓದಿದ ಎಂದು ಒಬ್ಬರು, ಮೂರು ಎಂದು ಮತ್ತೊಬ್ಬರು. ಮುಗಿಸಿದನೆಂದು ಮಾತ್ರ ಯಾರೂ ಹೇಳಲಿಲ್ಲ. ಊಟಕ್ಕೆ ಕೂತರೆ ಉಪ್ಪು ಎಷ್ಟು ಮೈಕ್ರಾನ್, ನಡೆದು ಹೋದರೆ ಬೀದಿಯ ಧೂಳು ಎಷ್ಟು ಮೈಕ್ರಾನ್ ಎಂದು ಹೇಳುತ್ತಿದ್ದ. ಕೊಳವೆ ಸುತ್ತುವ ಹೆಂಗಸರು ಮೂರನೆಯ ದಿನಕ್ಕೆ ಅವನಿಗೆ ಮೈಕ್ರಾನ್ ಎಂದು ಹೆಸರಿಟ್ಟರು. ಜೊತೆಯಲ್ಲಿ ಅವನು ಒಂದು ಗಿರಣಿ ತಂದಿದ್ದ; ಅಡ್ಡಲಾಗಿ ತಿರುಗುವ ಉಕ್ಕಿನ ಪೀಪಾಯಿ, ಒಳಗೆ ಗುಂಡುಗಳು. ಏನನ್ನು ಹಾಕಿದರೂ ಮೂರು ದಿನದಲ್ಲಿ ಹೊಗೆಯಷ್ಟು ನುಣ್ಣಗೆ ಮಾಡುತ್ತದೆ ಎಂದು ಹೇಳಿದ. ಮಾವನಿಗೆ ಕಣ್ಣು ತುಂಬಿ ಬಂತು. ಮನೆತನಕ್ಕೆ ಬೇಕಾದದ್ದು ಇದೇ ಎಂದ. ತರಿತರಿಯಾದದ್ದೆಲ್ಲ ಬಡವರದು, ನುಣುಪಾದದ್ದೆಲ್ಲ ದೊಡ್ಡವರದು ಎಂಬುದು ಅವನು ಬಟ್ಟೆಯಿಂದ ಹಿಡಿದು ಬೆಂಕಿಯವರೆಗೆ ಎಲ್ಲಕ್ಕೂ ಹಾಕುತ್ತಿದ್ದ ಅಳತೆ. ಅಲ್ಲೇ ನಿಂತು, ಮುಂದಿನ ತಿಂಗಳು ಸಂಘದವರ ಎದುರಿಗೆ ಅಳಿಯ ಬಾಲ ಹಾರಿಸಿ ಬೀಗದಕೈ ಪಡೆಯುತ್ತಾನೆ, ಜರಡಿಯ ಕೆಲಸ ಅಲ್ಲಿಗೆ ಮುಗಿಯಿತು, ತಂಗಿ ಇನ್ನು ಹೊರಗಿನ ಶೆಡ್ಡಿನಲ್ಲಿ ಚೀಟಿ ಅಂಟಿಸಿಕೊಂಡಿರಲಿ ಎಂದು ಘೋಷಿಸಿದ. ತಂಗಿ ಪಕ್ಕದಲ್ಲೇ ಇದ್ದಳು. ಅವಳಿಗೆ ಹೇಳಿದ್ದಲ್ಲ, ಅವಳ ಬಗ್ಗೆ ಹೇಳಿದ್ದು.

ಮೈಕ್ರಾನ್ ಮಾಡಿದ ಮೊದಲ ಕೆಲಸ ಬೀಟೆಮರದ ಡಬ್ಬಿಯನ್ನು ತಕ್ಕಡಿಗೆ ಹಾಕಿದ್ದು. ಡಬ್ಬಿಯ ಮುಚ್ಚಳದೊಳಗೆ ಅಂಟಿಸಿದ್ದ ಚೀಟಿಯಲ್ಲಿ ಎಷ್ಟು ತೂಕ ಬರೆದಿತ್ತೋ ಅಷ್ಟೇ ತೂಕ ಬಂತು. ಹತ್ತೊಂಬತ್ತು ವರ್ಷಕ್ಕೆ ಒಂದು ಚಿಟಿಕೆಯೂ ಕಡಿಮೆಯಾಗಿರಲಿಲ್ಲ. ಮಾವ ಹೆಮ್ಮೆಯಿಂದ, ನೋಡಿದೆಯಾ ಎಂದನಂತೆ. ಇದರ ಅರ್ಥವೇನೆಂದು ಅಳಿಯ ಅವನಿಗೆ ಎರಡು ಬಾರಿ ವಿವರಿಸಬೇಕಾಯಿತು.

ಧೂಮಕೇತು ಅಂಗಳದಲ್ಲಿ ಎಲ್ಲರ ಎದುರಿಗೆ ತಂಗಿಯನ್ನು ಕರೆಸಿದ. ಕೊಳವೆಯವರು ಕೈಕೆಲಸ ಬಿಡದೆ ಕಿವಿ ಇತ್ತ ಕೊಟ್ಟರು.

“ಮೀಸಲು ಪುಡಿ ಹಾಕ್ಲೇ ಇಲ್ವಾ ನೀನು?” ಎಂದ.

“ಇಲ್ಲ ಅಣ್ಣ.”

“ಮತ್ತೆ ಏನು ಹಾಕ್ತಿದ್ದೆ ಇಷ್ಟು ವರ್ಷ?”

“ನಮ್ಮನೆಯವ್ರು ಗುಡಿಸಿ ತರೋ ಕಸ.”

ಧೂಮಕೇತು ಕೂತ. ತಂಗಿ ನಿಂತೇ ಇದ್ದಳು. ಬಚ್ಚಿಡುವ ಆಸೆ ಅವಳಿಗಿರಲಿಲ್ಲ, ಇದುವರೆಗೆ ಯಾರೂ ಕೇಳಿರಲಿಲ್ಲ ಅಷ್ಟೆ. ಈಗ ಕೇಳಿದ್ದರಿಂದ ಹೇಳಿದಳು.

“ಒಲೆಗೆ ಮರದ ಹೊಟ್ಟು ಸುರಿದ್ರೆ ಭುಗ್ ಅಂತ ಒಂದೇ ಉರಿ, ಮುಗೀತು. ಕೊರಡು ಇಟ್ರೆ ಬೆಳಗಿನವರೆಗೆ ಕೆಂಡ. ಲೋಹಾನೂ ಅಷ್ಟೇ ಅಣ್ಣ. ನುಣ್ಣಗಿದ್ದದ್ದು ಉಂಡೆ ಹತ್ರಾನೇ ಸುಟ್ಟು ಹೋಗುತ್ತೆ. ತರಿ ಇದ್ರೆ ತಾನೆ ಉಂಡೆ ಬಿಟ್ಟು ಆಚೆ ಬಂದು, ಗಾಳೀಲಿ ಉರೀತಾ ಉರೀತಾ ಇಳಿಯೋದು. ಬಾಲ ಅಂದ್ರೆ ಅದೇ. ಅದರಲ್ಲಿ ಇನ್ನೇನೂ ಇಲ್ಲ.”

ಹೀಗೆ ತಂದೆಯ ವಿದ್ಯೆ ಇಡಿಯಾಗಿ, ಒಂದೇ ಉಸಿರಿನಲ್ಲಿ, ಪುಕ್ಕಟೆಯಾಗಿ ಅಂಗಳದಲ್ಲಿ ಬಿತ್ತು. ಹೆಕ್ಕಿಕೊಳ್ಳಲು ಬಗ್ಗಬೇಕಿತ್ತು, ಧೂಮಕೇತು ಬಗ್ಗುವವನಲ್ಲ. ಸ್ವಲ್ಪ ಹೊತ್ತು ತಂಗಿಯ ಮುಖ ನೋಡಿ, ಏನೋ ಮುಚ್ಚಿಡುತ್ತಿದ್ದಾಳೆ ಎಂದು ಅಳಿಯನಿಗೆ ಹೇಳಿದ. ಅವನ ವಾದ ಕೊಳವೆ ಸುತ್ತುವಾಕೆಗೆ ಇಂದಿಗೂ ಅಕ್ಷರಶಃ ನೆನಪಿದೆ: “ಇಷ್ಟೇ ಆಗಿದ್ರೆ ಅದು ಗುಟ್ಟು ಹೇಗಾಗುತ್ತೆ?”

ಆಮೇಲೆ ಮಾವ ಅಳಿಯ ಇಬ್ಬರೂ ಕಚೇರಿಯೊಳಗೆ ಕೂತು ಲೆಕ್ಕ ಹಾಕಿದರು. ಕಸ ಹಾಕಿದರೇ ಏಳು ಎಣಿಕೆ ಬರುವುದಾದರೆ ಶುದ್ಧವಾದ ನುಣುಪು ಪುಡಿ ಹಾಕಿದರೆ ಹದಿನಾಲ್ಕು ಬರಬೇಕು ಎಂದ ಮಾವ. ಅಳಿಯ ಕಾಗದದ ಮೇಲೆ ಏನೋ ಗೀಚಿ, ಹದಿನಾಲ್ಕಲ್ಲ, ಇಪ್ಪತ್ತೊಂದು ಎಂದ. ಹತ್ತೊಂಬತ್ತು ವರ್ಷ ತಂಗಿಯಿಂದ ತನಗೆ ಹದಿನಾಲ್ಕು ಎಣಿಕೆಯಷ್ಟು ಮೋಸವಾಗಿದೆಯೆಂದು ಧೂಮಕೇತು ಅಂದು ಊಟ ಮಾಡಲಿಲ್ಲ. ಅವನು ಹಿಡಿದ ಮೊಲಕ್ಕೆ ಕಾಲು ಮೂರೇ ಆಗಿದ್ದರೆ ಚಿಂತೆಯಿರಲಿಲ್ಲ. ಇವನ ಮೊಲಕ್ಕೆ ಕಾಲು ದಿನದಿನಕ್ಕೆ ಹುಟ್ಟುತ್ತಿದ್ದವು.

ಜರಡಿಯಕ್ಕ ಅದೇ ಸಂಜೆ ಸಂಘದ ಕಚೇರಿಗೆ ನಡೆದು ಹೋಗಿ, ತಾನೂ ಒಂದು ಉಂಡೆ ಹಾರಿಸುತ್ತೇನೆಂದು ಬರೆದುಕೊಟ್ಟಳು. ಚೀಟಿ ಅಂಟಿಸುವ ಮೇಜು ಕೀಳೆಂದಲ್ಲ; ಆದರೆ ಆ ಕೋಣೆ ಬಿಟ್ಟರೆ ತನ್ನ ಕೈಗೆ ಗೊತ್ತಿರುವುದೆಲ್ಲ ಬೇರೆಲ್ಲೂ ಬೇಡದ ಸಾಮಾನಾಗುತ್ತದೆಂದು ಗುಮಾಸ್ತನಿಗೆ ಹೇಳಿದಳಂತೆ. ಗುಮಾಸ್ತ ಕಟ್ಟಳೆಯ ಪುಟ ತೆಗೆದು ನೋಡಿದ. ತಡೆಯುವಂಥದ್ದು ಏನೂ ಇರಲಿಲ್ಲ. ಸುದ್ದಿ ಕೇಳಿ ಧೂಮಕೇತು ನಕ್ಕ. ಸೋಲುವುದಕ್ಕೂ ಅರ್ಜಿ ಹಾಕುವವರುಂಟೇ ಎಂದ.

ಪರೀಕ್ಷೆಗೆ ಒಂಬತ್ತು ದಿನ ಉಳಿದಾಗ ಮೈಕ್ರಾನ್ ಒಂದು ಉಪಕಾರ ಮಾಡಿದ. ಅವಳು ಜ್ವರವೆಂದು ಮೂರು ದಿನ ಬರಲಿಲ್ಲ. ಮಾವನಿಂದ ಬೀಗ ತೆಗೆಸಿಕೊಂಡು ಪುಡಿಕೋಣೆಗೆ ಹೋಗಿ, ಅವಳು ಜರಡಿ ಹಿಡಿದಿಟ್ಟಿದ್ದ ಎರಡು ಡ್ರಮ್ಮಿನ ಹರಳನ್ನೂ ಗಿರಣಿಗೆ ಸುರಿದು, ಮೂರು ದಿನ ತಿರುಗಿಸಿ, ಬೂದಿಯಂತೆ ಮಾಡಿಟ್ಟ. ಆ ನುಣುಪಿನ ಲೋಹದ ಪುಡಿ ಒಂದು ಕಿಡಿಗೆ, ಒಂದು ಉಜ್ಜುವಿಕೆಗೆ ಹತ್ತಿಕೊಳ್ಳುತ್ತದೆ; ಗಿರಣಿ, ಕೋಣೆ, ಅಳಿಯ ಮೂರೂ ಒಟ್ಟಿಗೆ ಆಕಾಶಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಮೂರ್ಖರನ್ನು ಕಾಯುವುದಕ್ಕೆ ಬೇರೆಯೇ ಒಂದು ಇಲಾಖೆ ಇರಬೇಕು.

ಅವನು ದುರುದ್ದೇಶದಿಂದ ಮಾಡಲಿಲ್ಲವೆಂಬುದೇ ಈ ಕಥೆಯಲ್ಲಿ ಸಹಿಸಲು ಕಷ್ಟವಾದದ್ದು. ಅವಳು ಬಂದಾಗ ಡ್ರಮ್ಮಿನ ಮುಚ್ಚಳ ತಾನೇ ತೆಗೆದು ತೋರಿಸಿದ.

“ನಿಮ್ಮದನ್ನೂ ನುಣ್ಣಗೆ ಮಾಡಿಟ್ಟಿದ್ದೀನಿ ಅತ್ತೆ. ಸೋತ ಮೇಲೆ ಪುಡಿ ಸರಿ ಇರ್ಲಿಲ್ಲ ಅನ್ನೋ ಮಾತು ಬರಬಾರದಲ್ಲ.”

ಜರಡಿಯಕ್ಕ ಪುಡಿಯನ್ನು ಬೆರಳಿಗೆ ತಗುಲಿಸಿ ನೋಡಿದಳು. ಹರಳು ಒಂದೂ ಉಳಿದಿರಲಿಲ್ಲ. ಸದ್ದು ಮಾಡದ ಪುಡಿ.

“ಒಳ್ಳೇದಾಯ್ತು ಅಳಿಯಂದ್ರೇ,” ಎಂದಳು. “ನಮಗೆ ಹಲ್ಲು ನೋಯುತ್ತೆ ಅಂತ ಕಬ್ಬು ನೀವೇ ಅಗಿದು ಸಿಪ್ಪೆ ಕೊಟ್ಟಿದ್ದೀರಿ.”

ಮನೆಗೆ ಹೋಗಿ ಗಂಡನನ್ನು ಕೇಳಿದಳು. ಮಾತು ಕಡಿಮೆಯ ಮನುಷ್ಯ. ಈ ತಿಂಗಳು ಕಾರ್ಖಾನೆಯಲ್ಲಿ ಟೈಟಾನಿಯಂ ಕೆಲಸವಿಲ್ಲ, ಬರೀ ಬೀಡುಕಬ್ಬಿಣದ ಪಂಪುಗಳೆಂದ.  ಹಾಗಾದರೆ ಬೀಡನ್ನೇ ತನ್ನಿ ಎಂದಳು ಅವಳು.

ಬೀಡುಕಬ್ಬಿಣದ ಬಾಲ ಅವಳ ತಂದೆಯ ಕಾಲದ್ದು. ಬೆಳ್ಳಿಯಲ್ಲ, ಬಂಗಾರದ ಬಣ್ಣ. ಒಂದೊಂದು ಕಿಡಿಯೂ ಉರಿಯುವಾಗ ಕವಲೊಡೆದು ಹೂಬಿಡುತ್ತದೆ. ಧೂಮಕೇತು ಯಜಮಾನನಾದ ವರ್ಷವೇ ಅದನ್ನು ನಿಲ್ಲಿಸಿದ್ದ, ತುಕ್ಕು ಹಿಡಿಯುವ ವಂಶದ್ದು ತಮಗೇಕೆ ಎಂದು. ತುಕ್ಕಿನ ಮಾತು ಮಾತ್ರ ಅವನು ಬಾಳಿನಲ್ಲಿ ಆಡಿದ ಒಂದೇ ಸರಿಯಾದ ಮಾತು. ಒದ್ದೆ ಮದ್ದಿನಲ್ಲಿ ಪೆಟ್ಲುಪ್ಪಿನ ಜೊತೆ ಸೇರಿದರೆ ಕಬ್ಬಿಣ ಒಂದೇ ಹಗಲಿಗೆ ಕೆಂಪು ಮಣ್ಣಾಗುತ್ತದೆ. ಉರಿಯುವುದಕ್ಕೆ ಏನೂ ಉಳಿಯುವುದಿಲ್ಲ. ಅದಕ್ಕೆ ಹರಳು ಹರಳಿಗೂ ಅಗಸೆ ಎಣ್ಣೆಯ ತೆಳು ಲೇಪ ಕೊಟ್ಟು, ಎಣ್ಣೆ ಗಟ್ಟಿಯಾಗಿ ಒಣಗಿದ ಮೇಲೆಯೇ ಮದ್ದಿಗೆ ಸೇರಿಸಬೇಕು. ಒಣಗಲು ಒಳ್ಳೆಯ ಬಿಸಿಲಿನಲ್ಲಿ ಐದು ದಿನ ಬೇಕು. ಉಳಿದದ್ದು ಐದು ದಿನ, ಬಿಸಿಲಿಲ್ಲ. ಆ ವಾರವಿಡೀ ಆಕಾಶದಲ್ಲಿ ಮೋಡ ಕದಲಲಿಲ್ಲ.

ಅವರದು ಎರಡು ಕೋಣೆಯ ಮನೆ. ಮಂಚದ ಮೇಲೆ, ಮೇಜಿನ ಮೇಲೆ, ಕಪಾಟಿನ ತೆಗೆದ ಬಾಗಿಲಿನ ಮೇಲೆ ಹಳೆಯ ಪತ್ರಿಕೆ ಹಾಸಿ ಎಣ್ಣೆ ಹಚ್ಚಿದ ಹರಳನ್ನು ಹರಡಿದರು. ಬೆಂಕಿಯ ಹತ್ತಿರ ಒಯ್ಯುವಂತಿಲ್ಲ, ಧೂಳು ಬೀಳುವಂತಿಲ್ಲ. ಗಂಡ ಕೆಲಸದಿಂದ ಬಂದು, ಕ್ಯಾಲೆಂಡರಿನ ರಟ್ಟು ಹಿಡಿದು ಬೀಸುತ್ತ ನಿಂತ. ಮರುದಿನವೂ ನಿಂತ. ಮದುವೆಯಾಗಿ ಇಷ್ಟು ವರ್ಷಕ್ಕೆ ತನಗೆ ಸೆಕೆಯಾದಾಗ ಒಂದು ಸಲ ಬೀಸಿದವರಲ್ಲ, ಕಬ್ಬಿಣಕ್ಕೆ ಎಂಥ ಉಪಚಾರ ಎಂದಳು ಹೆಂಡತಿ. ಕಬ್ಬಿಣ ಎದುರು ಮಾತಾಡುವುದಿಲ್ಲ ಎಂದ ಗಂಡ. ಆ ವಾರ ಅವನಾಡಿದ ದೀರ್ಘ ವಾಕ್ಯ ಅದು ಎಂದು ಪಂಪು ಕಾರ್ಖಾನೆಯವನು ನೆನೆದು ನಕ್ಕ.

ಪರೀಕ್ಷೆಯ ದಿನ ಬೆಳಿಗ್ಗೆ ಅವಳು ಹರಳನ್ನು ಹಿಡಿ ಹಿಡಿಯಾಗಿ ಎತ್ತಿ ಮುಷ್ಟಿಯಲ್ಲಿ ಒತ್ತಿದಳು. ಅಂಟಿಕೊಂಡದ್ದನ್ನು ಆಚೆ ಹಾಕಿದಳು, ಉದುರಿದ್ದನ್ನು ಇಟ್ಟುಕೊಂಡಳು. ಮಂಚದ ಮೇಲಿನದು ಪೂರ್ತಿ ಹೋಯಿತು. ಕಪಾಟಿನ ಬಾಗಿಲಿನದು ಅರ್ಧ ಉಳಿಯಿತು. ಕೊನೆಗೆ ಕೈಗೆ ಬಂದದ್ದು ಒಂದೇ ಉಂಡೆಗೆ ಆಗುವಷ್ಟು. ಹಾರಿಸಿ ನೋಡಲು ಎರಡನೆಯದು ಇರಲಿಲ್ಲ. ಕೆಲಸಗಾರರ ನಡುವೆ ಅಂದು ಒಂದೇ ಮಾತು: ಅಕ್ಕ ಸೋತರೆ ನಾಳೆಯಿಂದ ಚೀಟಿ ಮೇಜು, ಗೆದ್ದರೆ ಪುಡಿಕೋಣೆ. ಮದ್ದು ಒತ್ತಲು ಅನುಮತಿಯಿರುವುದು ಅಲ್ಲಿ ಮಾತ್ರವಾದ್ದರಿಂದ ಅವಳು ಕಾರ್ಖಾನೆಗೇ ಹೋಗಿ, ಸಂಘದ ಗುಮಾಸ್ತನ ಎದುರಿಗೆ ಉಂಡೆ ಒತ್ತಿ, ಅವನ ಮೊಹರು ಹಾಕಿಸಿದಳು. ಮೊಹರು ಬಿದ್ದ ಮೇಲೂ ಉಂಡೆಯನ್ನು ಕೈಯಿಂದ ಕೆಳಗಿಡಲಿಲ್ಲವೆಂದು ಗುಮಾಸ್ತ ಹೇಳುತ್ತಾನೆ. ಕೊಳವೆ ಸುತ್ತುವಾಕೆ ಅದನ್ನು ಒಪ್ಪುವುದಿಲ್ಲ.

ಸಂಘದ ಬಯಲಿನಲ್ಲಿ ಹೊತ್ತು ಮುಳುಗಿ ಕತ್ತಲು ಕೂಡುವ ಹೊತ್ತಿಗೆ ಜನ ಸೇರಿದರು. ಎಣಿಸುವವನು ಸಂಘದ ಹಿರಿಯ. ಎಣಿಕೆಯಜ್ಜ ಎಂದು ಕರೆಯುತ್ತಿದ್ದರು. ನಲವತ್ತು ವರ್ಷ ಎಲ್ಲರ ಬಾಲವನ್ನೂ ಒಂದೇ ವೇಗದಲ್ಲಿ ಎಣಿಸಿದವನು. ಧೂಮಕೇತು ಹೊಸ ಬೂಟು ಹಾಕಿಕೊಂಡು ಬಂದಿದ್ದ. ಇಪ್ಪತ್ತೊಂದರವರೆಗೆ ಎಣಿಸಲು ಉಸಿರು ಸಾಲುತ್ತದೆಯೇ ಎಂದು ಅಜ್ಜನನ್ನು ವಿಚಾರಿಸಿದ. ಜರಡಿಯಕ್ಕ ಮಾತ್ರ ಕೊಳವೆಯನ್ನು ಇನ್ನೂ ನೂರು ಹೆಜ್ಜೆ ಆಚೆಗೆ ಹೂಳಿ, ಆ ನುಣ್ಣಗಿನದನ್ನು ನಂಬಬೇಡಿ ಎಂದು ಗುಮಾಸ್ತನಿಗೆ ಹೇಳಿ, ಜನರನ್ನು ಹಿಂದೆ ಸರಿಸಿದಳು. ಹೆದರಿದಳು ಎಂದು ಅಣ್ಣ ಅಳಿಯನಿಗೆ ಹೇಳಿದ.

ಮೊದಲು ಮೈಕ್ರಾನನ ಉಂಡೆ.

ಕೊಳವೆಯಿಂದ ಎದ್ದದ್ದೇ ತಡ, ತೆಂಗಿನಮರದಷ್ಟು ಎತ್ತರಕ್ಕೆ ಹೋಗುವುದರೊಳಗೆ, ಬಯಲಿಗೆ ಬಯಲೇ ಬೆಳ್ಳಗಾಯಿತು. ಜನರ ಮುಖ, ಗುಂಡಿ, ಹುಲ್ಲು ಎಲ್ಲ ಒಂದು ಸಲ ಸುಣ್ಣ ಬಳಿದಂತೆ ಕಂಡು, ಮತ್ತೆ ಕಪ್ಪಾಯಿತು. ಫೋಟೋ ತೆಗೆಯುವಾಗ ಮಿಂಚುವ ದೀಪದ ಹಾಗೆ. ಕಣ್ಣುಜ್ಜಿಕೊಂಡು ಮೇಲೆ ನೋಡಿದವರಿಗೆ ಆಕಾಶದಲ್ಲಿ ಏನೂ ಇರಲಿಲ್ಲ. ಒಂದು ಮುದ್ದೆ ಬಿಳಿ ಹೊಗೆ ಪಕ್ಕಕ್ಕೆ ಸರಿಯುತ್ತಿತ್ತು. ಎಣಿಕೆಯಜ್ಜ ಬಾಯಿ ತೆರೆದಿದ್ದ, ಒಂದು ಅನ್ನಲು ಸಮಯ ಸಿಗದೆ ಮುಚ್ಚಿದ.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಗಾದೆಗೆ ಇಷ್ಟು ದಿನ ಸಾಕ್ಷಿ ಬೇಕಿತ್ತು. ಧೂಮಕೇತು ಮುಂದೆ ಬಂದು, ಬಾಲ ಇತ್ತು ಎಂದ. ಪೂರ್ತಿ ಇಪ್ಪತ್ತೊಂದು ಎಣಿಕೆ ಇತ್ತು, ಆದರೆ ಇದುವರೆಗೆ ಯಾರೂ ಮಾಡದಷ್ಟು ನುಣುಪಾದ ಬಾಲವಾದ್ದರಿಂದ ತರಿ ನೋಡಿ ಅಭ್ಯಾಸವಾದ ಕಣ್ಣಿಗೆ ಕಾಣಲಿಲ್ಲ ಎಂದ. ಅಳಿಯ ಹೌದೆನ್ನುವಂತೆ ತಲೆಯಾಡಿಸಿದ.  ಒಪ್ಪುವುದೋ ಬಿಡುವುದೋ ತಿಳಿಯದೆ ಒಬ್ಬಿಬ್ಬರು ಅಜ್ಜನ ಕಡೆ ನೋಡಿದರು.

“ಕಾಣದ್ದನ್ನೆಲ್ಲ ಇದೆ ಅಂತ ಬರ್ಕೋತಾ ಹೋದ್ರೆ,” ಎಂದ ಎಣಿಕೆಯಜ್ಜ, “ನಾಳೆ ನಿಮ್ಮ ಬುದ್ಧೀನೂ ಬರ್ಕೋಬೇಕಾಗುತ್ತೆ. ಪುಸ್ತಕದಲ್ಲಿ ಜಾಗ ಇಲ್ಲ. ಮುಂದಿಂದು ಬಿಡಿ.”

ಗುಮಾಸ್ತ ಸೊನ್ನೆ ಬರೆದುಕೊಂಡ.

ಜರಡಿಯಕ್ಕನ ಉಂಡೆ ಏರುವಾಗ ಬರೀ ಒಂದು ಕೆಂಪು ಚುಕ್ಕೆ. ಹಿಂದೆ ಏನೂ ಕಾಣಲಿಲ್ಲ. ಧೂಮಕೇತುವಿನ ನಗು ಕೇಳಿಸಿತು. ಅವಳ ಗಂಡ ಯಾಕೋ ನೆಲ ನೋಡುತ್ತಿದ್ದ. ಉಂಡೆಯಿಂದ ಉದುರಿದ ಹರಳು ಕಾದು ಹತ್ತಲು ಹೊತ್ತು ಬೇಕು, ಲೇಪದ ಎಣ್ಣೆ ಮೊದಲು ಸುಡಬೇಕು. ಇದು ಗೊತ್ತಿದ್ದವಳು ಅವಳೊಬ್ಬಳೇ, ಗೊತ್ತಿದ್ದೂ ಉಸಿರು ಹಿಡಿದಳು. ಆಮೇಲೆ ಕೆಳಗಿನಿಂದ ಮೇಲಕ್ಕೆ, ಉಂಡೆ ಹೋದ ದಾರಿಯೆಲ್ಲ ಒಮ್ಮೆಗೇ ಬಂಗಾರವಾಯಿತು. ಒಂದೊಂದು ಕಿಡಿಯೂ ಒಡೆದು ನಾಲ್ಕಾಯಿತು. ಉಂಡೆ ನೆತ್ತಿ ಮುಟ್ಟಿ ಆರಿತು. ಅಜ್ಜ ಎಣಿಸತೊಡಗಿದ.

ನಾಲ್ಕರವರೆಗೆ ಬಾಲ ಸರಿಯಾಗಿ ತೂಗಿತ್ತು. ಐದಕ್ಕೆ ನಡುವೆ ಕಡಿದುಹೋಯಿತು; ಅಲ್ಲಿಯ ಹರಳಿನ ಎಣ್ಣೆ ಸರಿಯಾಗಿ ಒಣಗಿರಲಿಲ್ಲ. ಆರಕ್ಕೆ ಕೆಳಗಿನ ತುಂಡೂ ಆರಿತು. ಮೇಲೆ ಉಳಿದದ್ದು ಹತ್ತೋ ಹನ್ನೆರಡೋ ಕಿಡಿ. ಧೂಮಕೇತು, ಮುಗೀತು, ಮುಗೀತು ಎಂದು ಅಜ್ಜನ ಕಿವಿಯ ಹತ್ತಿರ ಹೇಳುತ್ತಿದ್ದ. ಅಜ್ಜ ಅವನಿಗಾಗಿ ಬೇಗ ಮಾಡಲಿಲ್ಲ, ಅವಳಿಗಾಗಿ ತಡವೂ ಮಾಡಲಿಲ್ಲ. ಏಳು ಎಂದಾಗ ಎರಡು ಕಿಡಿ ಇದ್ದವೆಂದು ಗುಮಾಸ್ತ ಹೇಳುತ್ತಾನೆ. ಒಂದು ಎಂದು ಪಂಪು ಕಾರ್ಖಾನೆಯವನು. ಪುಸ್ತಕದಲ್ಲಿರುವುದು ಏಳು ಎಂಬ ಅಂಕಿ ಮಾತ್ರ.

ಬಂಗಾರದ ಬಣ್ಣ ಮನೆತನದ ಬಣ್ಣವಲ್ಲ ಎಂದು ಧೂಮಕೇತು ತಕರಾರು ತೆಗೆದ. ಕಟ್ಟಳೆಯಲ್ಲಿ ಬಣ್ಣದ ಮಾತಿರಲಿಲ್ಲ. ಉಂಡೆ ಅವಳ ಕೈಯದ್ದೆಂಬುದಕ್ಕೆ ಸಾಕ್ಷಿ ಕೇಳಿದ. ಗುಮಾಸ್ತ ತನ್ನ ಮೊಹರು ತೋರಿಸಿದ. ನಿಮ್ಮ ತಂದೆ ತೀರಿಕೊಂಡ ವರ್ಷ ಮೊಹರಿನ ಪದ್ಧತಿ ಇರಲಿಲ್ಲ ನೋಡಿ ಎಂದೂ ಸೇರಿಸಿದ. ಇದನ್ನು ಗುಮಾಸ್ತ ತಿಳಿದು ಹೇಳಿದನೋ ತಿಳಿಯದೆಯೋ ಎಂದು ಅವನನ್ನೇ ಕೇಳಿದರೆ ಉತ್ತರ ಕೊಡುವುದಿಲ್ಲ. ಧೂಮಕೇತು ಮಾತ್ರ ಅಲ್ಲಿಗೆ ತಕರಾರು ಬಿಟ್ಟು ಸೊಂಟದ ಗಂಟು ಬಿಚ್ಚಲು ಹಿಡಿದ. ಹತ್ತೊಂಬತ್ತು ವರ್ಷ ಬಿಗಿದ ದಾರ ಬಿಚ್ಚಲಿಲ್ಲ. ಕೊನೆಗೆ ಭಾವಮೈದುನ ಜೇಬಿನಿಂದ ಚಾಕು ತೆಗೆದು, ಬಗ್ಗಿ ಕೊಯ್ದು ಕೊಟ್ಟ.

ಮರುದಿನ ಬೆಳಿಗ್ಗೆ ಜರಡಿಯಕ್ಕ ತಾನೇ ಬೀಗ ತೆಗೆದಳು. ಗ್ರಾಹಕರಿಬ್ಬರು ಕಾರ್ಖಾನೆ ನೋಡಲು ಬಂದಿದ್ದರು. ಧೂಮಕೇತು ಎಂದಿನಂತೆ ಅವರನ್ನು ಕರೆದುಕೊಂಡು, ಬಾಲದ ಗುಟ್ಟನ್ನು ವಿವರಿಸುತ್ತ ಪುಡಿಕೋಣೆಯ ಕಡೆ ಬಂದ. ಹೊಸ್ತಿಲ ಹತ್ತಿರ ಅವಳು ಅಡ್ಡ ನಿಂತಳು. ಬೂಟಿನ ಅಡಿಯಲ್ಲಿ ಕಬ್ಬಿಣದ ಮೊಳೆಯಿದೆ, ನೆಲಕ್ಕೆ ಉಜ್ಜಿದರೆ ಕಿಡಿ. ಬಿಚ್ಚಿ, ಜೇಬಿನಲ್ಲಿರುವುದನ್ನೆಲ್ಲ ಆಚೆ ಇಟ್ಟು, ಬರಿಗಾಲಲ್ಲಿ ಬರಬೇಕು ಎಂದಳು. ಗ್ರಾಹಕರು ಆಗಲೇ ಬಗ್ಗಿ ಚಪ್ಪಲಿ ಬಿಚ್ಚತೊಡಗಿದ್ದರು.

“ನಾನು ಯಜಮಾನ ಕಣೇ,” ಎಂದ ಧೂಮಕೇತು, ಮೆಲ್ಲಗೆ.

“ಹೌದು ಅಣ್ಣ. ಯಜಮಾನ್ರ ಮೊಳೆಯೂ ಮೊಳೆಯೇ.”

ಆಮೇಲೆ ಅವನು ಬಗ್ಗಿ ಬೂಟು ಬಿಚ್ಚಿದನೆಂದು ಕೊಳವೆ ಸುತ್ತುವಾಕೆ ಹೇಳುತ್ತಾಳೆ. ಬಿಚ್ಚಲಿಲ್ಲ, ಹೊರಗೇ ನಿಂತು ಕಿಟಕಿಯ ಮೂಲಕ ಗ್ರಾಹಕರಿಗೆ ವಿವರಣೆ ಕೊಟ್ಟನೆಂದು ಗುಮಾಸ್ತ. ಒಳಗೆ ಜರಡಿ ಅಲ್ಲಾಡುತ್ತಿದ್ದುದರಿಂದ ಅವನು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ ಎಂಬುದನ್ನು ಇಬ್ಬರೂ ಒಪ್ಪುತ್ತಾರೆ.